ಬಯಲುಸೀಮೆಯ ಬೇಸಿಗೆ ಮದುವೆ: ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಯುಗಾದಿ ಕಳೆದು ಚೈತ್ರ, ವೈಶಾಖ ಮಾಸಗಳು ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಊರೂರಿನಲ್ಲಿ ಹಂದರ ಏಳುತ್ತದೆ. ಹಿಂಗಾರಿನ ಸುಗ್ಗಿ ಮುಗಿದು ಮುಂಗಾರಿನ ಬಿತ್ತನೆ ಇನ್ನೂ ಆರಂಭವಾಗದ, ಶಾಲೆಗಳಿಗೆ ರಜೆ ಇರುವ ಈ ಬಿಡುವಿನಲ್ಲಿಯೇ ಒಕ್ಕಲು ಮನೆತನಗಳು ಮದುವೆ ಮುಗಿಸಲು ಬಯಸುತ್ತವೆ. ಆಷಾಢ ಬಂದರೆ ಶುಭಕಾರ್ಯಗಳು ನಿಲ್ಲುತ್ತವೆ. ಹೀಗಾಗಿ ವರ್ಷದ ಅತ್ಯಂತ ಬಿಸಿಲಿನ ಎಂಟು ವಾರಗಳೇ ಇಲ್ಲಿ ಲಗ್ನದ ಕಾಲವೂ ಆಗಿವೆ.

ಈ ಐದೂ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿಂದ ಉದ್ಯೋಗ, ಶಿಕ್ಷಣಗಳನ್ನು ಅರಸಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ನೆಲೆಸಿದವರು ಅಸಂಖ್ಯ. ಅವರೊಡನೆ ಅವರ ಸಹೋದ್ಯೋಗಿಗಳು, ಸ್ನೇಹಿತರು ಹಾಗೂ ಹೊಸ ಬೀಗರು ಬೇಸಿಗೆಯಲ್ಲಿ ಇತ್ತ ಪ್ರಯಾಣ ಬೆಳೆಸುತ್ತಾರೆ. ನಗರದ ಹವೆಗೆ ಒಗ್ಗಿದ ದೇಹ ಒಂದೆರಡು ದಿನಗಳಲ್ಲಿ ಈ ಬಿಸಿಲಿಗೆ ಹೊಂದಿಕೊಳ್ಳದು. ಅದಕ್ಕೆ ಒಂದರಿಂದ ಎರಡು ವಾರಗಳೇ ಬೇಕು ಎಂಬುದು ವೈದ್ಯಶಾಸ್ತ್ರದ ಅಭಿಪ್ರಾಯ. ಆದ್ದರಿಂದ ಮದುವೆಗೆ ಹೊರಡುವವರು ಉಡುಗೊರೆಗೆ ನೀಡುವಷ್ಟೇ ಗಮನವನ್ನು ಬಿಸಿಲಿಗೂ ನೀಡುವುದು ಒಳ್ಳೆಯದು.

ಮರುಭೂಮಿಯಲ್ಲ, ಆದರೆ...

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ತಾಲ್ಲೂಕುಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಮಳೆಯಾಗುತ್ತದೆ. ಆದರೆ ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಮುಗಿಯುತ್ತದೆ. ಮಾರ್ಚ್‌ನಿಂದ ಮೇ ತಿಂಗಳ ನಡುವೆ, ಸಮುದ್ರ ಮಟ್ಟದಿಂದ 500ರಿಂದ 650 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯ ಹಗಲು ಮರುಭೂಮಿಯ ಹಗಲನ್ನೇ ಹೋಲುತ್ತದೆ. ಗಾಳಿಯಲ್ಲಿ ತೇವವಿಲ್ಲ, ಮರಗಳು ವಿರಳ, ಕೆಂಪು ನೆಲ ಹಾಗೂ ಕಲ್ಲುಗುಡ್ಡಗಳು ಬಿಸಿಲನ್ನು ಹೀರಿ ಸಂಜೆಯವರೆಗೂ ಕಾವು ಬಿಡುತ್ತಿರುತ್ತವೆ. ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವುದು ಇಲ್ಲಿ ಅಪರೂಪವೇನಲ್ಲ.

ಒಣ ಹವೆಯ ದೊಡ್ಡ ಮೋಸವೆಂದರೆ ಬೆವರು ಕಾಣದಿರುವುದು. ಮಂಗಳೂರು, ಉಡುಪಿಯ ಸೆಖೆಯಲ್ಲಿ ಬೆವರು ಹನಿಹನಿಯಾಗಿ ಇಳಿದು ಅಂಗಿ ತೊಯ್ಯುತ್ತದೆ. ನೀರು ಕುಡಿಯಬೇಕೆಂಬ ನೆನಪು ತಾನಾಗಿಯೇ ಬರುತ್ತದೆ. ಕೊಟ್ಟೂರಿನ ಬಿಸಿಲಿನಲ್ಲಿ ಬೆವರು ಹುಟ್ಟಿದ ಕ್ಷಣವೇ ಆವಿಯಾಗುತ್ತದೆ. ಚರ್ಮ ಒಣಗಿದಂತೆಯೇ ಇರುವುದರಿಂದ 'ಇಲ್ಲಿ ಸೆಖೆಯೇ ಇಲ್ಲ' ಎಂದು ಕರಾವಳಿಯ ಅತಿಥಿ ಭಾವಿಸುವುದುಂಟು. ಆದರೆ ಬಿಸಿಲಿನಲ್ಲಿ ಓಡಾಡುವ ವಯಸ್ಕರ ದೇಹದಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್‌ನಷ್ಟು ನೀರು ಹೋಗುತ್ತಿರಬಹುದು. ತಲೆನೋವು, ಒಣಗಿದ ತುಟಿ, ಗಾಢ ಬಣ್ಣದ ಮೂತ್ರ, ಕಾರಣವಿಲ್ಲದ ಸಿಡಿಮಿಡಿ ಇವು ನೀರು ಕಡಿಮೆಯಾಗಿರುವುದರ ಮೊದಲ ಸೂಚನೆಗಳು.

ಉಷ್ಣಮಾಪಕದ ಅಂಕಿಯೊಂದೇ ಅಪಾಯವನ್ನು ಅಳೆಯುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭದಲ್ಲಿ ಗಂಟೆಗಟ್ಟಲೆ ಬಿಸಿಲಿನಲ್ಲಿ ಕುಳಿತಿದ್ದ ಜನರ ಪೈಕಿ 14 ಮಂದಿ ಮೃತಪಟ್ಟರು. ಅಂದಿನ ಉಷ್ಣಾಂಶ ಸುಮಾರು 38 ಡಿಗ್ರಿ ಮಾತ್ರ. ನೆರಳಿಲ್ಲದೆ, ಜಾಗ ಬಿಟ್ಟೇಳದೆ ಬಹಳ ಹೊತ್ತು ಕುಳಿತದ್ದು ಮಾರಕವಾಯಿತು. ಮದುವೆಯೂ ಅಂತಹುದೇ ಸಂದರ್ಭ. ಅಕ್ಷತೆ ಬೀಳುವವರೆಗೆ ಏಳಬಾರದು, ಬೀಗರ ಮುಂದೆ ನೀರು ಕೇಳುವುದು ಹೇಗೆ, ಪಂಕ್ತಿ ಬಿಟ್ಟು ಹೊರಟರೆ ಏನೆಂದುಕೊಂಡಾರು ಎಂಬ ಸಂಕೋಚಗಳೇ ಅತಿಥಿಗಳನ್ನು ಹಾಸಿಗೆ ಹಿಡಿಸುತ್ತವೆ. ಮುಂದಿನ ಸಲಹೆಗಳ ಹಿಂದಿರುವ ಮಾತೂ ಇದೇ: ಈ ಬಿಸಿಲಿನಲ್ಲಿ ಸಂಕೋಚ ಸಲ್ಲದು.

ಮುಹೂರ್ತವೂ ನೆತ್ತಿಯ ಸೂರ್ಯನೂ

ಲಗ್ನಪತ್ರಿಕೆ ಕೈಸೇರಿದೊಡನೆ ಮೊದಲು ನೋಡಬೇಕಾದುದು ಮುಹೂರ್ತದ ವೇಳೆ. ಅಭಿಜಿನ್ ಮುಹೂರ್ತದ ಮದುವೆಗಳು ಈ ಭಾಗದಲ್ಲಿ ಸಾಮಾನ್ಯ. ಅಭಿಜಿನ್ ಎಂದರೆ ನಡುಹಗಲಿನ ಹಿಂದುಮುಂದಿನ ಸುಮಾರು 48 ನಿಮಿಷಗಳ ಅವಧಿ. ಏಪ್ರಿಲ್ ಕೊನೆ ಹಾಗೂ ಮೇ ತಿಂಗಳ ಮೊದಲ ದಿನಗಳಲ್ಲಿ ಸೂರ್ಯ ಈ ತಾಲ್ಲೂಕುಗಳ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೆಟ್ಟಗೆ ನಿಂತವನ ನೆರಳು ಅವನ ಪಾದದಡಿಯಲ್ಲೇ ಅಡಗುತ್ತದೆ. ಗೋಡೆಯ ನೆರಳು, ಗಿಡದ ನೆರಳು ಎಂಬುದೇ ಆಗ ಸಿಗದು. ತಾಳಿ ಕಟ್ಟುವ ಗಳಿಗೆ ಹಾಗೂ ನೆರಳಿಲ್ಲದ ಗಳಿಗೆ ಎರಡೂ ಒಂದೇ ಆಗುತ್ತವೆ.

ಗಾಳಿಯ ಕಾವು ಮಾತ್ರ ಇನ್ನೂ ಏರುತ್ತಲೇ ಹೋಗಿ ಮಧ್ಯಾಹ್ನ 2ರಿಂದ 4 ಗಂಟೆಯ ನಡುವೆ ತುತ್ತತುದಿ ತಲುಪುತ್ತದೆ. ಊಟ ಮುಗಿಸಿ ಊರಿಗೆ ಹೊರಡಲು ಅತಿಥಿಗಳು ಆರಿಸಿಕೊಳ್ಳುವುದೂ ಅದೇ ವೇಳೆಯನ್ನು. ಈ ಪರಿಪಾಠವನ್ನು ಬದಲಿಸುವುದೇ ಮೊದಲ ಸಲಹೆ. ಬೆಳಿಗ್ಗೆ 9 ಗಂಟೆಯೊಳಗೆ ಮದುವೆ ಮನೆ ತಲುಪಬೇಕು. ಊಟದ ನಂತರ ಸಂಜೆ 5ರವರೆಗೆ ನೆರಳಿನಲ್ಲಿಯೇ ಇದ್ದು ಬಳಿಕ ಹೊರಡಬೇಕು. ಊರಿನ ಹಿರಿಯರು ಮಾಡುವುದೂ ಇದನ್ನೇ: ಹೊತ್ತು ಏರುವ ಮುನ್ನ ಬಂದು, ಬೇವಿನ ಮರದಡಿಯೋ ಪಡಸಾಲೆಯಲ್ಲೋ ಮಧ್ಯಾಹ್ನ ಕಳೆದು, ಹೊತ್ತು ಇಳಿದ ಮೇಲೆ ಮರಳುತ್ತಾರೆ.

ಹಿಂದಿನ ದಿನ ಸಂಜೆ ಆರತಕ್ಷತೆ ಏರ್ಪಟ್ಟಿದ್ದರೆ ವಯೋವೃದ್ಧರು, ಹೃದ್ರೋಗಿಗಳು, ಗರ್ಭಿಣಿಯರು ಹಾಗೂ ಕೂಸುಗಳಿರುವ ತಾಯಂದಿರು ಅದಕ್ಕೇ ಹೋಗಿಬರುವುದು ಲೇಸು. 'ಅಕ್ಕಿಕಾಳಿಗೆ ಬರಲಿಲ್ಲ' ಎಂಬ ಆಕ್ಷೇಪ ಬಾರದಿರಲು ಮನೆಯವರಿಗೆ ಮೊದಲೇ ದೂರವಾಣಿ ಮೂಲಕ ತಿಳಿಸಿದರೆ ಸಾಕು. ಹಳೆಯ ಮುಯ್ಯಿ ತೀರಿಸಲೇಬೇಕೆಂಬ ಹಟದಿಂದ ಜ್ವರ, ನಿಶ್ಶಕ್ತಿಯ ನಡುವೆಯೂ ಹೊರಡುವ ಅಜ್ಜ ಅಜ್ಜಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅವರ ಪರವಾಗಿ ಮಗನೋ ಸೊಸೆಯೋ ಮುಯ್ಯಿ ಮುಟ್ಟಿಸಿದರೆ ಸಂಬಂಧಕ್ಕೆ ಕುಂದು ಬಾರದು.

ತಲುಪುವ ಬಗೆ

ಬೆಂಗಳೂರಿನಿಂದ ಬರುವವರಿಗೆ ಚಿತ್ರದುರ್ಗದ ಮೂಲಕ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿಯ ಮಾರ್ಗ. ಕೊಟ್ಟೂರಿಗೆ ಅಲ್ಲಿಂದ ಪಶ್ಚಿಮಕ್ಕೆ ಹೊರಳಬೇಕು. ಹರಪನಹಳ್ಳಿಗೆ ದಾವಣಗೆರೆ ಅಥವಾ ಹರಿಹರದ ದಾರಿ ಅನುಕೂಲ. ಹುಬ್ಬಳ್ಳಿ, ಗದಗ ಕಡೆಯವರು ಮುಂಡರಗಿ ದಾಟಿ ಕೊರ್ಲಹಳ್ಳಿ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ಹೂವಿನಹಡಗಲಿ ತಾಲ್ಲೂಕನ್ನು ಪ್ರವೇಶಿಸುತ್ತಾರೆ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಮಾರ್ಗವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಹಾದುಹೋಗುತ್ತದೆ. ಈ ಮಾರ್ಗದಲ್ಲಿ ರೈಲುಗಳು ವಿರಳವಾದುದರಿಂದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ತಾಲ್ಲೂಕು ಕೇಂದ್ರಗಳನ್ನು ಬೆಸೆದಿವೆ. ಲಗ್ನ ಹೆಚ್ಚಿರುವ ದಿನಗಳಲ್ಲಿ ಬಸ್ಸುಗಳಲ್ಲಿ ಕಾಲಿಡಲೂ ಜಾಗ ಸಿಗದು. ನಡುಹಗಲಿನಲ್ಲಿ ಒಂದು ಗಂಟೆ ನಿಂತು ಪ್ರಯಾಣಿಸಿ ಮದುವೆ ಮನೆ ತಲುಪಿದವರು ಅಲ್ಲಿಗಾಗಲೇ ಬಳಲಿರುತ್ತಾರೆ. ರಾತ್ರಿ ಬಸ್ಸಿನಲ್ಲಿ ಬಂದು ನಸುಕಿನಲ್ಲಿ ಇಳಿಯುವುದು, ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಬೆಳಗಿನ ಮೊದಲ ಬಸ್ಸು ಹಿಡಿಯುವುದು ಉತ್ತಮ ಕ್ರಮ.

ಸ್ವಂತ ಕಾರಿನಲ್ಲಿ ಬರುವವರು ತಲಾ ಎರಡು ಲೀಟರ್‌ನಂತೆ ನೀರು ಇಟ್ಟುಕೊಳ್ಳಬೇಕು. ಗಾಲಿಯ ಗಾಳಿ, ರೇಡಿಯೇಟರ್ ನೀರುಗಳನ್ನು ಹೊರಡುವ ಮುನ್ನ ಪರೀಕ್ಷಿಸಿಕೊಳ್ಳಬೇಕು. ಬಿಸಿಲಿನಲ್ಲಿ ನಿಲ್ಲಿಸಿದ, ಕಿಟಕಿ ಮುಚ್ಚಿದ ಕಾರಿನೊಳಗೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಂತಿಕ ಕಾವು ತುಂಬಿಕೊಳ್ಳುತ್ತದೆ. ಮಲಗಿದ ಮಗುವನ್ನು 'ಐದು ನಿಮಿಷ' ಎಂದು ಕಾರಿನಲ್ಲಿ ಬಿಟ್ಟುಹೋಗುವುದು ಎಂದೆಂದಿಗೂ ಕೂಡದು.

ಹಳ್ಳಿಯಿಂದ ಹಳ್ಳಿಗೆ ದಿಬ್ಬಣ ಟ್ರ್ಯಾಕ್ಟರ್ ಟ್ರೇಲರ್, ಸರಕು ಸಾಗಣೆಯ ಟೆಂಪೊಗಳಲ್ಲಿ ಹೊರಡುವುದು ಈಗಲೂ ಕಂಡುಬರುತ್ತದೆ. ಇದು ಕೇವಲ ಬಿಸಿಲಿನ ಪ್ರಶ್ನೆಯಲ್ಲ. ಸರಕು ವಾಹನದಲ್ಲಿ ಕುಳಿತು ಪ್ರಯಾಣಿಸುವವರಿಗೆ ವಿಮಾ ಸಂಸ್ಥೆ ಪರಿಹಾರ ನೀಡಲು ಬದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ತೀರ್ಪಿತ್ತಿದೆ. ಅಪಘಾತವಾದರೆ ಜೀವದ ಜೊತೆಗೆ ಕುಟುಂಬದ ಆಸರೆಯೂ ಹೋಗುತ್ತದೆ. 'ಎಲ್ಲರೂ ಹತ್ತಿದ್ದಾರೆ, ನೀವೂ ಹತ್ತಿ' ಎಂಬ ಒತ್ತಾಯಕ್ಕೆ ಮಣಿಯದೆ ಬಸ್ಸು ಅಥವಾ ಆಟೊ ಹುಡುಕುವುದು ವಿವೇಕ.

ಉಡುಪು

ರೇಷ್ಮೆ ಉಡದೆ ಮದುವೆಗೆ ಹೋಗುವುದು ಹೇಗೆ ಎಂಬುದು ಹೆಣ್ಣುಮಕ್ಕಳ ಸಹಜ ಪ್ರಶ್ನೆ. ಪ್ರಯಾಣಕ್ಕೆ ತೆಳು ಬಣ್ಣದ ಸಡಿಲ ಹತ್ತಿ ಉಡುಪು ಧರಿಸಿ, ರೇಷ್ಮೆ ಸೀರೆಯನ್ನು ಚೀಲದಲ್ಲಿ ಒಯ್ದು, ಮುಹೂರ್ತಕ್ಕೆ ಒಂದು ಗಂಟೆ ಮುಂಚೆ ಉಟ್ಟುಕೊಂಡು ಊಟದ ನಂತರ ಬದಲಿಸುವುದು ಮಧ್ಯಮ ಮಾರ್ಗ. ಹತ್ತಿ ಒಡಲಿನ ಇಳಕಲ್ ಸೀರೆ ಈ ಸೀಮೆಯ ಬಿಸಿಲಿಗೂ ಸಂಭ್ರಮಕ್ಕೂ ಒಪ್ಪುತ್ತದೆ. ನೈಲಾನ್, ಪಾಲಿಯೆಸ್ಟರ್ ಅಸ್ತರಿನ ಲೆಹಂಗಾ, ಶೇರ್ವಾನಿ, ಕೋಟುಗಳು ಬೆವರನ್ನು ಆರಗೊಡದೆ ದೇಹದ ಕಾವು ಹೆಚ್ಚಿಸುತ್ತವೆ. ಮಕ್ಕಳಿಗಂತೂ ಅವನ್ನು ತೊಡಿಸಲೇಬಾರದು.

ಗಂಡಸರಿಗೆ ಹತ್ತಿಯ ಪಂಚೆ ಅಥವಾ ಪೈಜಾಮ, ಬಿಳಿ ಅಂಗಿ ಸಾಕು. ಹಿರಿಯರ ರುಮಾಲು, ಹೆಗಲ ಮೇಲಿನ ಟವೆಲ್, ಹೆಂಗಸರ ತಲೆಯ ಮೇಲಿನ ಸೆರಗು ಕೇವಲ ಸಂಪ್ರದಾಯವಲ್ಲ. ನೆತ್ತಿ, ಕತ್ತುಗಳನ್ನು ಬಿಸಿಲಿನಿಂದ ಕಾಯುವ ಸಾಧನಗಳು. ಮೆರವಣಿಗೆಯಲ್ಲಿ ಭಾಗವಹಿಸುವವರು ಛತ್ರಿ ಹಿಡಿಯಲು ನಾಚಬೇಕಿಲ್ಲ.

ಕೊಟ್ಟೂರಿನ ಕೊಟ್ಟೂರೇಶ್ವರ ದೇವಾಲಯ, ಉಜ್ಜಿನಿಯ ಮರುಳಸಿದ್ದೇಶ್ವರ ದೇವಾಲಯಗಳಂತಹ ಕ್ಷೇತ್ರಗಳಿಗೆ ಮದುವೆಗೆ ಬಂದವರು ದರ್ಶನಕ್ಕೆ ತೆರಳುವುದು ವಾಡಿಕೆ. ಗುಡಿಯ ಹೊರಾಂಗಣದ ಕಲ್ಲುಹಾಸು ಮಧ್ಯಾಹ್ನ ಕಾದ ಹಂಚಿನಂತಾಗಿರುತ್ತದೆ. ಬರಿಗಾಲಿನಲ್ಲಿ ನಡೆದ ಮಕ್ಕಳ, ಸಕ್ಕರೆ ಕಾಯಿಲೆಯವರ ಪಾದಗಳಲ್ಲಿ ಬೊಬ್ಬೆಗಳು ಏಳುತ್ತವೆ. ಮಧುಮೇಹಿಗಳಿಗೆ ಪಾದದ ಸ್ಪರ್ಶಜ್ಞಾನ ಕುಗ್ಗಿರುವುದರಿಂದ ಸುಟ್ಟದ್ದೇ ತಿಳಿಯದೆ ಗಾಯ ಮಾಗದ ಹುಣ್ಣಾಗಬಹುದು. ದರ್ಶನವನ್ನು ಬೆಳಿಗ್ಗೆ ಅಥವಾ ಸಂಜೆಗೆ ಇಟ್ಟುಕೊಂಡು, ಹತ್ತಿಯ ಕಾಲುಚೀಲ ಜೊತೆಗೊಯ್ದರೆ ಈ ತೊಂದರೆ ತಪ್ಪುತ್ತದೆ.

ನೀರು

ಬಾಯಾರಿಕೆಯಾಗುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯುತ್ತಿರಬೇಕು. ಮಜ್ಜಿಗೆ, ಬೆಲ್ಲದ ಪಾನಕ, ನಿಂಬೆ ಶರಬತ್ತು, ಎಳನೀರು ಒಳ್ಳೆಯವು. ಉಪ್ಪು ಹಾಕಿದ ಮಜ್ಜಿಗೆ ಬೆವರಿನಲ್ಲಿ ಹೋದ ಲವಣವನ್ನೂ ಮರಳಿಸುತ್ತದೆ. ಒಆರ್‌ಎಸ್ ಪುಡಿಯ ನಾಲ್ಕು ಪೊಟ್ಟಣಗಳು ಚೀಲದಲ್ಲಿರಲಿ. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೂ ಆಗುತ್ತದೆ. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೂ ಉಪ್ಪಿಗೂ ಮಿತಿ ಹಾಕಿಸಿಕೊಂಡವರು ಎಷ್ಟು ಕುಡಿಯಬೇಕೆಂಬುದನ್ನು ವೈದ್ಯರಲ್ಲಿ ಕೇಳಿಯೇ ಹೊರಡಬೇಕು. ಮದ್ಯ ಸೇವನೆ ದೇಹದ ನೀರನ್ನು ಮತ್ತಷ್ಟು ಬರಿದು ಮಾಡುತ್ತದೆ.

ಹೆಣ್ಣುಮಕ್ಕಳ ಸಮಸ್ಯೆ ಇನ್ನೊಂದು ಬಗೆಯದು. ಹಳ್ಳಿಯ ಮದುವೆಗಳಲ್ಲಿ, ಸಣ್ಣ ಸಮುದಾಯ ಭವನಗಳಲ್ಲಿ ಶೌಚಾಲಯ ಇಲ್ಲದಿರುವುದು ಅಥವಾ ಇದ್ದರೂ ನೀರಿಲ್ಲದಿರುವುದು ಸಾಮಾನ್ಯ. ಅದನ್ನು ಊಹಿಸಿಯೇ ಅನೇಕ ಮಹಿಳೆಯರು ಬೆಳಿಗ್ಗೆಯಿಂದ ಸಂಜೆಯವರೆಗೆ ತೊಟ್ಟು ನೀರೂ ಕುಡಿಯದೆ ಇದ್ದುಬಿಡುತ್ತಾರೆ. ಬಿಸಿಲಿನಲ್ಲಿ ಇದರಿಂದ ಮೂರ್ಛೆ, ಮೂತ್ರನಾಳದ ಸೋಂಕುಗಳು ಉಂಟಾಗುತ್ತವೆ. ಮದುವೆ ಮನೆ ತಲುಪಿದೊಡನೆ, ಸಂಕೋಚಪಡದೆ, ಬಳಸಬಹುದಾದ ಶೌಚಾಲಯವಿರುವ ಮನೆ ಯಾವುದೆಂದು ಮನೆಯ ಹೆಣ್ಣುಮಕ್ಕಳಲ್ಲಿ ಕೇಳಿ ತಿಳಿದುಕೊಳ್ಳಬೇಕು. ಪಕ್ಕದ ಮನೆಯವರು ಇಂತಹ ದಿನ ಬಾಗಿಲು ಮುಚ್ಚುವುದಿಲ್ಲ. ಮದುವೆ ನಡೆಸುವವರೂ ಅಡುಗೆಯವರನ್ನು ಗೊತ್ತು ಮಾಡುವಾಗಲೇ ಈ ಏರ್ಪಾಟನ್ನೂ ಗಮನಿಸಿದರೆ ಅತಿಥಿಗಳಿಗೆ ದೊಡ್ಡ ಉಪಕಾರವಾಗುತ್ತದೆ.

ಕುಡಿಯುವ ನೀರು ಎಲ್ಲಿಯದೆಂದು ಕೇಳುವುದೂ ಅವಿನಯವಲ್ಲ. ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ 2021ರಲ್ಲಿ ಕಲುಷಿತ ನೀರು ಸೇವಿಸಿ ಹಲವರು ಅಸ್ವಸ್ಥರಾಗಿ, ಸಾವುಗಳೂ ಸಂಭವಿಸಿದ್ದು ಜಿಲ್ಲೆಯ ಜನ ಮರೆತಿಲ್ಲ. ಈ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ಒಂದೆರಡು ದಿನ ಕುಡಿದರೆ ಅದರಿಂದ ಹಾನಿಯಾಗದು, ಆದರೆ ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದೂ ಇಲ್ಲ. ಬಹುತೇಕ ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿಂದ ತಂದ ಕ್ಯಾನ್‌ಗಳಿದ್ದರೆ ಅದೇ ಸುರಕ್ಷಿತ. ಶರಬತ್ತಿಗೆ ಹಾಕುವ ಮಂಜುಗಡ್ಡೆಯನ್ನು ಹೆಚ್ಚಾಗಿ ಕುಡಿಯಲು ಯೋಗ್ಯವಲ್ಲದ ನೀರಿನಿಂದ ತಯಾರಿಸಿರುತ್ತಾರೆ, ಅದನ್ನು ದೂರವಿಡಬೇಕು.

ನೀರಿನ ಮಿತವ್ಯಯವೂ ಅತಿಥಿಯ ಧರ್ಮ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಬರದ ವರ್ಷವಲ್ಲದಿದ್ದರೂ ಬೇಸಿಗೆಯಲ್ಲಿ ಹಳ್ಳಿಯ ನಲ್ಲಿಗೆ ದಿನವೂ ನೀರು ಬರುವ ಭರವಸೆಯಿಲ್ಲ. ಮದುವೆ ಮನೆಯವರು ಟ್ಯಾಂಕರ್‌ಗೆ ಹಣ ತೆತ್ತು ನೀರು ತುಂಬಿಸಿರುತ್ತಾರೆ. ಎರಡು ಬಕೆಟ್ ಸುರಿದುಕೊಂಡು ಸ್ನಾನ ಮಾಡುವ ನಗರದ ಅಭ್ಯಾಸಕ್ಕೆ ಅಂದು ಬಿಡುವು ನೀಡಬೇಕು. ಬಾಟಲಿಯ ನೀರನ್ನು ಅರ್ಧ ಕುಡಿದು ಬಿಸಾಡುವುದಂತೂ ಇಂತಹ ನೆಲದಲ್ಲಿ ಅಪಚಾರವೇ ಸರಿ.

ಊಟ

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ, ಅನ್ನ ಸಾರು, ಮಜ್ಜಿಗೆ ಈ ಸೀಮೆಯ ಮದುವೆಯೂಟದ ಜೀವಾಳ. ಒಣ ರೊಟ್ಟಿ, ಚಟ್ನಿಪುಡಿ ಕೆಡುವುದಿಲ್ಲ. ಬಿಸಿಲಿಗೆ ಬೇಗ ಹಳಸುವುದು ಕೊಬ್ಬರಿ ರುಬ್ಬಿ ಹಾಕಿದ ಪಲ್ಯ, ಪನೀರ್, ಖೋವಾದ ಸಿಹಿ, ಹೆಚ್ಚಿಟ್ಟ ಹಣ್ಣು, ಕೋಸಂಬರಿ ಹಾಗೂ ಮಾಂಸದಡುಗೆ. ಹೊರಗಿನ ಉಷ್ಣಾಂಶ 32 ಡಿಗ್ರಿ ಮೀರಿದಾಗ ಇಂತಹ ಬೇಯಿಸಿದ ಆಹಾರವನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟು ತಿನ್ನುವುದು ಸುರಕ್ಷಿತವಲ್ಲ ಎಂಬುದು ಆಹಾರ ಸುರಕ್ಷತೆಯ ನಿಯಮ. ಆದ್ದರಿಂದ ಮೊದಲ ಅಥವಾ ಎರಡನೆಯ ಪಂಕ್ತಿಯಲ್ಲಿ ಊಟ ಮುಗಿಸುವುದು ಕ್ಷೇಮ. ಮಕ್ಕಳು, ಹಿರಿಯರನ್ನು ಮೊದಲು ಕೂರಿಸುವ ಪದ್ಧತಿಯಲ್ಲಿ ಈ ವಿವೇಕವೂ ಅಡಗಿದೆ.

ಬೆಳಿಗ್ಗೆ ಏನನ್ನೂ ತಿನ್ನದೆ ಬಂದು ಮಧ್ಯಾಹ್ನ ಎರಡಕ್ಕೆ ಒಮ್ಮೆಲೇ ಹೊಟ್ಟೆ ಬಿರಿಯ ಉಣ್ಣುವುದು ಸಲ್ಲದು. ತಾಳಿ ಕಟ್ಟುವವರೆಗೆ ಉಪವಾಸವಿರುವ ಪದ್ಧತಿ ಹಲವು ಮನೆತನಗಳಲ್ಲಿದೆ. ವಧುವರರು ಹಾಗೂ ಅವರ ತಂದೆತಾಯಿಗಳು ಹೋಮದ ಹೊಗೆ, ಭಾರದ ಉಡುಪು, ವಿಡಿಯೊ ದೀಪಗಳ ಕಾವಿನ ನಡುವೆ ಹಸಿದ ಹೊಟ್ಟೆಯಲ್ಲಿ ಕುಳಿತಿರುತ್ತಾರೆ. ಉಪವಾಸವೆಂದರೆ ನೀರನ್ನೂ ಬಿಡಬೇಕೆಂದಲ್ಲ. ನಡುನಡುವೆ ಒಂದು ಲೋಟ ಪಾನಕ ತಂದುಕೊಡುವ ಸೋದರಮಾವನೋ ಅತ್ತಿಗೆಯೋ ಇದ್ದರೆ ಅದಕ್ಕಿಂತ ಹಿತವಾದ ಉಡುಗೊರೆ ಬೇರಿಲ್ಲ.

ಔಷಧಿ ಸೇವಿಸುವವರಿಗೆ

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು, ಮಾನಸಿಕ ಕಾಯಿಲೆಗಳಿಗೆ ಔಷಧಿ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಬೇಗ ಬಳಲುತ್ತಾರೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಪ್ರಯಾಣಕ್ಕೆ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಇನ್ಸುಲಿನ್ ಕಾರಿನಲ್ಲಿ ಬಿಟ್ಟರೆ ಕೆಡುತ್ತದೆ. ಹಳ್ಳಿಯಲ್ಲಿ ಫ್ರಿಜ್ ಇಲ್ಲದಿದ್ದರೆ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರಿನಲ್ಲಿ ನೆನೆಸಿದ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿಡಬಹುದು.

ಮಂಟಪಗಳಲ್ಲಿ ತಿರುಗುವ ದೊಡ್ಡ ಫ್ಯಾನುಗಳನ್ನು ಅತಿಯಾಗಿ ನಂಬಬಾರದು. ಗಾಳಿಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ತೂರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಒದ್ದೆ ಕರವಸ್ತ್ರದಿಂದ ಮುಖ, ಕತ್ತು, ತೋಳು ಒರೆಸಿಕೊಳ್ಳುವುದು ಹೆಚ್ಚು ಫಲಕಾರಿ. ಒಣ ಹವೆಯಲ್ಲಿ ಆ ತೇವ ಬೇಗ ಆರುವುದರಿಂದ ಮೈ ಬೇಗ ತಣಿಯುತ್ತದೆ. ಈ ಹವೆ ಅತಿಥಿಗೆ ಮಾಡುವ ಒಂದೇ ಉಪಕಾರವದು.

ಬಿಸಿಲಿನ ಆಘಾತವಾದರೆ

ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಕಂಡುಬಂದರೆ ಅವರನ್ನು ನೆರಳಿಗೆ ಕರೆದೊಯ್ದು, ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿ, ಒಆರ್‌ಎಸ್ ಅಥವಾ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು.

ಮಾತು ತೊದಲುವುದು, ಎಲ್ಲಿದ್ದೇನೆಂಬ ಅರಿವು ತಪ್ಪುವುದು, ಮೈ ಕೆಂಡದಂತೆ ಸುಡುವುದು, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು ಬಿಸಿಲಾಘಾತದ ಲಕ್ಷಣಗಳು. ದೇಹದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಿದ ಈ ಸ್ಥಿತಿಯಲ್ಲಿ ಪ್ರತಿ ನಿಮಿಷವೂ ಅಮೂಲ್ಯ. ತಕ್ಷಣ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯದೆ ಭಾರದ ಉಡುಪು, ಒಡವೆಗಳನ್ನು ತೆಗೆದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಕಂಕುಳು, ತೊಡೆಸಂದು, ಕತ್ತಿನ ಬಳಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬಹುದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಜ್ವರದ ಮಾತ್ರೆಯಿಂದ ಈ ಕಾವು ಇಳಿಯುವುದಿಲ್ಲ.

ಹತ್ತಿರದ ಆಸ್ಪತ್ರೆ ಎಲ್ಲಿದೆ, ಅಲ್ಲಿಗೆ ಕರೆದೊಯ್ಯಲು ಯಾರ ವಾಹನ ಸಿದ್ಧವಿದೆ ಎಂಬುದನ್ನು ಮದುವೆ ಮನೆಯಲ್ಲಿ ಒಬ್ಬರಾದರೂ ಮೊದಲೇ ತಿಳಿದಿರಬೇಕು. ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಥಮ ಚಿಕಿತ್ಸೆ ದೊರೆಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಕೂಡ್ಲಿಗಿ ಕಡೆಯವರು ಬಳ್ಳಾರಿಗೂ ಹರಪನಹಳ್ಳಿ ಕಡೆಯವರು ದಾವಣಗೆರೆಗೂ ಹೋಗುತ್ತಾರೆ.

ಸಂಜೆಯ ಮಳೆ, ರಾತ್ರಿಯ ತಂಗು

ಬಿಸಿಲು ಇಳಿದೊಡನೆ ಎಲ್ಲ ಮುಗಿಯಿತೆನ್ನುವಂತಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲವಿದು. ಮಧ್ಯಾಹ್ನದ ಕಾವಿಗೆ ಮೋಡ ಕಟ್ಟಿ, ಸಂಜೆ ಒಮ್ಮೆಲೇ ಧೂಳುಸಹಿತ ಬಿರುಗಾಳಿ ಎದ್ದು ಷಾಮಿಯಾನದ ಕಂಬಗಳನ್ನೇ ಕಿತ್ತೆಸೆಯುವುದುಂಟು. ಹಿಂದೆಯೇ ಗುಡುಗು, ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಗುಡುಗಿನ ಸದ್ದು ಕೇಳಿದೊಡನೆ ಷಾಮಿಯಾನ, ಒಂಟಿ ಮರ, ವಿದ್ಯುತ್ ಕಂಬಗಳ ಬಳಿಯಿಂದ ಸರಿದು ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಮುಚ್ಚಿದ ಕಾರು ಕೂಡ ಸಿಡಿಲಿನಿಂದ ರಕ್ಷಣೆ ನೀಡುತ್ತದೆ.

ರಾತ್ರಿ ಹಳ್ಳಿಯಲ್ಲಿ ಉಳಿಯುವವರಿಗೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಡುತ್ತಾರೆ. ಒಣ ಹವೆಯಲ್ಲಿ ನೆಲದ ಕಾವು ಬೇಗ ಆರುವುದರಿಂದ ನಡುರಾತ್ರಿಯ ನಂತರ ಗಾಳಿ ತಂಪಾಗಿ ಹೊದಿಕೆ ಬೇಕೆನಿಸುತ್ತದೆ. ಹಗಲು ಬಳಲಿದವರಿಗೆ ಈ ನಿದ್ರೆ ಔಷಧವಿದ್ದಂತೆ. ಸೊಳ್ಳೆಪರದೆ ಅಥವಾ ಸೊಳ್ಳೆ ನಿವಾರಕ ಮುಲಾಮು ಜೊತೆಗಿರಲಿ. ಚೇಳು, ಹಾವುಗಳೂ ತಂಪು ಅರಸಿ ಓಡಾಡುವ ಕಾಲವಾದುದರಿಂದ ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬಾರದು. ಬೆಳಿಗ್ಗೆ ಚಪ್ಪಲಿ, ಬೂಟುಗಳನ್ನು ಕೊಡವಿ ಮೆಟ್ಟಬೇಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತ ಕರಡಿಧಾಮವಿದ್ದು, ಮುಸ್ಸಂಜೆ ಹಾಗೂ ನಸುಕಿನಲ್ಲಿ ಕರಡಿಗಳು ನೀರು, ಆಹಾರ ಹುಡುಕಿ ಗುಡ್ಡ ಇಳಿಯುತ್ತವೆ. ಆ ಹೊತ್ತಿನಲ್ಲಿ ಅಲ್ಲಿನ ಕಾಲುದಾರಿಗಳಲ್ಲಿ ಒಬ್ಬರೇ ನಡೆದು ಹೋಗುವುದು ಅಪಾಯಕಾರಿ.

ಮುಯ್ಯಿಯ ಕುರಿತು

ಮದುವೆ ಮನೆಯಲ್ಲಿ ಮೇಜು ಹಾಕಿಕೊಂಡು ಕುಳಿತವರು ಮುಯ್ಯಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹೆಸರು, ಊರು ಸ್ಪಷ್ಟವಾಗಿ ಹೇಳಬೇಕು. ನಾಳೆ ಆ ಮನೆಯವರು ತಮ್ಮ ಮನೆಗೆ ಬಂದಾಗ ನೋಡುವುದು ಅದೇ ಪುಟವನ್ನು. ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕ ಕೈಕೊಡುವುದರಿಂದ ನಗದು ಇಟ್ಟುಕೊಂಡಿರುವುದು ಲೇಸು. ಗಾಜಿನ ಸಾಮಾನು, ಕೇಕು, ಚಾಕೊಲೇಟ್‌ಗಳು ಈ ಬಿಸಿಲಿನಲ್ಲಿ ಉಳಿಯುವ ಉಡುಗೊರೆಗಳಲ್ಲ. ಭೌಗೋಳಿಕ ಮಾನ್ಯತೆ ಪಡೆದ ಹಡಗಲಿಯ ಮಲ್ಲಿಗೆಯನ್ನು ಊರಿಗೆ ಒಯ್ಯಬಯಸುವವರು ಸಂಜೆ ಮೊಗ್ಗನ್ನೇ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರೆ ಬೆಳಗಿನವರೆಗೆ ಬಾಡುವುದಿಲ್ಲ.

ಹೊರಡುವ ಮುನ್ನ ಚೀಲದಲ್ಲಿರಬೇಕಾದವು

* ತಲಾ ಎರಡು ಲೀಟರ್ ನೀರು, ನಾಲ್ಕು ಪೊಟ್ಟಣ ಒಆರ್‌ಎಸ್
* ಛತ್ರಿ, ಟೋಪಿ ಅಥವಾ ಟವೆಲ್, ಎರಡು ಹತ್ತಿ ಕರವಸ್ತ್ರ
* ಬದಲಿಸಲು ಹತ್ತಿ ಉಡುಪು, ಹತ್ತಿಯ ಕಾಲುಚೀಲ
* ನಿತ್ಯದ ಔಷಧಿ ಹಾಗೂ ವೈದ್ಯರ ಚೀಟಿ
* ಟಾರ್ಚ್, ಸೊಳ್ಳೆ ನಿವಾರಕ ಮುಲಾಮು
* ನಗದು, ಮದುವೆ ಮನೆಯ ಇಬ್ಬರ ದೂರವಾಣಿ ಸಂಖ್ಯೆ

2024ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯು ರಾಜ್ಯದ ಉತ್ತರ ಒಳನಾಡಿಗೆ ಬಿಸಿಗಾಳಿಯ ಎಚ್ಚರಿಕೆ ನೀಡಿತ್ತು. ಲಗ್ನದ ದಿನ ಅಂತಹ ಎಚ್ಚರಿಕೆ ಇದೆಯೇ ಎಂದು ಹಿಂದಿನ ಸಂಜೆ ನೋಡಿಕೊಳ್ಳುವುದು ಅತಿಥಿಗಳಿಗೂ ಆತಿಥೇಯರಿಗೂ ಕ್ಷೇಮಕರ. ಹಂದರದ ಬಾಗಿಲಿನಲ್ಲಿ ಮಜ್ಜಿಗೆಯ ಕೊಳಗವಿಟ್ಟು, ಬಂದವರಿಗೆಲ್ಲ ಮೊದಲು ಒಂದು ಲೋಟ ಕೊಡಲು ಇಬ್ಬರು ಹುಡುಗರನ್ನು ನಿಲ್ಲಿಸಿದರೆ ಅತಿಥಿಯ ಅರ್ಧ ಸಂಕೋಚ ಅಲ್ಲಿಯೇ ಕಳೆಯುತ್ತದೆ. ಉಳಿದರ್ಧವನ್ನು ಅತಿಥಿಯೇ ಕಳೆದುಕೊಂಡು, ಬೇಕಾದಾಗ ನೀರು ಕೇಳಿ, ಬೇಕಾದಾಗ ನೆರಳಿಗೆ ಸರಿಯಬೇಕು. ಅದರಿಂದ ಮದುವೆ ಮನೆಯವರಿಗೆ ಬೇಸರವಾಗದು. ಅತಿಥಿಯನ್ನು ಮಂಟಪದಿಂದ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದರೆ ಮಾತ್ರ ಆ ಮದುವೆಯ ನೆನಪು ಎರಡೂ ಮನೆಗಳಿಗೆ ಕಹಿಯಾಗಿ ಉಳಿಯುತ್ತದೆ.